ಹಾಡಿದವರೂ ಹೊರಗೆ, ಹಾಡದವರೂ ಹೊರಗೆ

ವಿಶ್ವವಿದ್ಯಾಲಯಕ್ಕೆ ಓದಲು ಹೋದ ಗಡಿಯ ಮಕ್ಕಳು ಕಡ್ಲೆಕಾಯಿ ಸುಲಿಯುತ್ತಾ ಆಡಿದ ಮಾತು

ಮೇ ತಿಂಗಳ ಕೊನೆಗೆ ನಮ್ಮ ಮಡಕಶಿರಾ ಸೀಮೆಯ ಮನೆಗಳಲ್ಲಿ ಬಿತ್ತನೆಗೆ ಕಡ್ಲೆಕಾಯಿ ಸುಲಿಯುವ ಕೆಲಸ ಶುರುವಾಗುತ್ತದೆ. ಮಿಷನ್ನಿಗೆ ಹಾಕಿದರೆ ಬೇಗ ಆಗುತ್ತದೆ ನಿಜ, ಆದರೆ ಬೀಜ ಒಡೆಯುತ್ತದೆ, ಮೇಲಿನ ಕೆಂಪು ಸಿಪ್ಪೆ ಕಿತ್ತು ಬರುತ್ತದೆ. ಸಿಪ್ಪೆ ಹೋದ ಬೀಜ ನೆಲದಲ್ಲಿ ಕೊಳೆಯೋದೇ ಹೆಚ್ಚು, ಮೊಳೆಯೋದು ಕಡಿಮೆ. ಅದಕ್ಕೇ ನಮ್ಮಂಥ ಸಣ್ಣ ರೈತರು ಇವತ್ತಿಗೂ ಕೈಯಲ್ಲೇ ಸುಲಿಯುತ್ತೇವೆ. ಕೈಗೆ ಕೆಲಸ, ಬಾಯಿಗೆ ಪುರುಸೊತ್ತು. ಊರಿನ ನ್ಯಾಯ, ಮದುವೆ ಮಾತುಕತೆ, ಎಲೆಕ್ಷನ್ ಲೆಕ್ಕಾಚಾರ ಎಲ್ಲಾ ನಡೆಯೋದು ಈ ಕಾಯಿರಾಶಿಯ ಸುತ್ತಲೇ.

ಹೋದ ಮೇ ತಿಂಗಳಲ್ಲಿ ನಮ್ಮ ಪಡಸಾಲೆಯ ರಾಶಿ ಸುತ್ತ ನಾಲ್ಕು ಜನ ಮಕ್ಕಳು ಕೂತಿದ್ದರು. ಹೈದರಾಬಾದಿನಲ್ಲಿ ಎಂ.ಎ. ಓದುತ್ತಿರುವ ನನ್ನ ಮಗಳು. ಆಂಧ್ರದ ಇನ್ನೊಂದು ವಿಶ್ವವಿದ್ಯಾಲಯದಲ್ಲಿರುವ ನನ್ನ ತಮ್ಮನ ಮಗ. ಬೆಂಗಳೂರು ಕಡೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಪಕ್ಕದ ಮನೆ ಹುಡುಗ. ಮತ್ತೆ ಹೈದರಾಬಾದಿನಲ್ಲೇ ಪಿಎಚ್‌.ಡಿ. ಮಾಡುತ್ತಿರುವ ನಮ್ಮೂರ ಕಾಲೋನಿಯ ಹುಡುಗ. ನನ್ನ ಸಣ್ಣ ವಯಸ್ಸಿನಲ್ಲಿ ಈ ಹುಡುಗನ ಅಜ್ಜ ನಮ್ಮ ಜಗಲಿ ಹತ್ತುತ್ತಿರಲಿಲ್ಲ, ಹತ್ತಲು ನಾವು ಬಿಡುತ್ತಿರಲಿಲ್ಲ. ಈಗ ಮೊಮ್ಮಗ ನನ್ನ ಎದುರಿಗೇ ಮಂಡಿ ಮಡಚಿ ಕೂತು ಕಾಯಿ ಒಡೆಯುತ್ತಿದ್ದ. ಮುಂದಿನ ಮಾತಿಗೆ ಇದು ಬೇಕಾಗುತ್ತದೆ, ಅದಕ್ಕೇ ಬರೆದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಪದ್ಯ ಕಟ್ಟುವ ಹುಚ್ಚು ಹತ್ತಿಸಿಕೊಂಡು ಕನ್ನಡದಲ್ಲೂ ತೆಲುಗಿನಲ್ಲೂ ಬರೆಯುತ್ತೇನೆ. ವಿಶ್ವವಿದ್ಯಾಲಯದ ಒಳಗೆ ಕಾಲಿಟ್ಟಿದ್ದು ಕವಿಗೋಷ್ಠಿಗೆ ಮಾತ್ರ. ಹಾಗಾಗಿ ಅಲ್ಲಿ ಮಕ್ಕಳು ಏನು ಮಾತಾಡಬಹುದು, ಏನು ಮಾತಾಡಬಾರದು ಎಂಬುದು ನನಗೆ ಗೊತ್ತಾಗಿದ್ದು ಈ ನಾಲ್ವರ ಬಾಯಿಂದ. ಗೊತ್ತಾದ ಮೇಲೆ ಹಳೇ ಪೇಪರು, ಪುಸ್ತಕ ತಿರುವಿ ಹಾಕಿದೆ. ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಜಗಳವೂ ಇಲ್ಲ, ಮಾತೂ ಇಲ್ಲ

ಮಾತು ಶುರುವಾಗಿದ್ದು ಪಕ್ಕದ ಮನೆ ಹುಡುಗನಿಂದ. ನಿಮ್ಮ ಕಾಲೇಜಲ್ಲಿ ಗಲಾಟೆ ಗಿಲಾಟೆ ಇದೆಯೇನಪ್ಪಾ ಅಂತ ಕೇಳಿದೆ. ಅವನು ನಕ್ಕ.

"ಎಲ್ಲಿ ಮಾವಾ ಗಲಾಟೆ! ಸೇರೋವಾಗಲೇ ಸಹಿ ಹಾಕಿಸ್ಕೊಂಡವ್ರೆ. ಯಾವ ಸಂಘಕ್ಕೂ ಸೇರಲ್ಲ, ಮುಷ್ಕರ ಮಾಡಲ್ಲ ಅಂತ. ನಮ್ಮಪ್ಪನೂ ಸಹಿ ಹಾಕವ್ನೆ. ಕ್ಲಾಸಿನ ವಾಟ್ಸಾಪ್ ಗುಂಪಲ್ಲಿ ಒಬ್ಬ ಯಾವುದೋ ವ್ಯಂಗ್ಯಚಿತ್ರ ಹಾಕ್ದ, ಮಾರನೇ ದಿನಾನೇ ಅವನ್ನ ಕರೆಸಿ ಕೇಳಿದ್ರು. ಆಮೇಲೆ ಗುಂಪಲ್ಲಿ ಬರೋದು ಬರೀ ಹುಟ್ಟುಹಬ್ಬದ ಶುಭಾಶಯ. ನಮ್ಮ ಕಾಲೇಜಲ್ಲಿ ಜಗಳ ಇಲ್ಲ ಮಾವಾ, ಯಾಕಂದ್ರೆ ಮಾತೇ ಇಲ್ಲ."

ಅವನಿಗೆ ಅದರ ಬಗ್ಗೆ ಬೇಜಾರೂ ಇರಲಿಲ್ಲ. ನಾಲ್ಕು ವರ್ಷ ಕಣ್ಣು ಮುಚ್ಚಿದರೆ ಕೆಲಸ ಸಿಗುತ್ತದೆ, ಮನೆ ಸಾಲ ತೀರುತ್ತದೆ ಎಂಬ ಲೆಕ್ಕ. ತಂದೆಯ ಸ್ಥಾನದಲ್ಲಿ ನಿಂತು ನೋಡಿದರೆ ಆ ಲೆಕ್ಕ ತಪ್ಪು ಅಂತ ಹೇಳಲು ನನಗೂ ಬಾಯಿ ಬರಲಿಲ್ಲ.

ನಗೋದೂ ಒಂದು ಏಟೇ

ತಮ್ಮನ ಮಗ ಸುಮ್ಮನಿರಲಿಲ್ಲ. ಅವನು ರಾಷ್ಟ್ರವಾದಿ ಎನಿಸಿಕೊಳ್ಳುವ ವಿದ್ಯಾರ್ಥಿ ಸಂಘಟನೆಯಲ್ಲಿರುವವನು. ಅವನ ವಿಭಾಗದಲ್ಲಿ ಸೀನಿಯರುಗಳು, ಕೆಲವು ಮೇಷ್ಟ್ರುಗಳು ಬೇರೆ ದಿಕ್ಕಿನವರಂತೆ.

"ದೊಡ್ಡಪ್ಪಾ, ನನ್ನ ಮಾತನ್ನ ಯಾರೂ ನಿಲ್ಲಿಸಲ್ಲ. ಆದ್ರೆ ನಾನು ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿಂದ ನಗು ಶುರುವಾಗುತ್ತೆ. ಚಡ್ಡಿ ಬಂತು ಅಂತಾರೆ. ನಾನೇನು ಹೇಳ್ತೀನಿ ಅಂತ ಕೇಳೋ ಮೊದಲೇ ನಾನು ಯಾರು ಅಂತ ತೀರ್ಮಾನ ಆಗಿರುತ್ತೆ. ನಾವು ಕರೆಸಿದ ಭಾಷಣಕಾರರಿಗೆ ಹಾಲ್ ಕೊಡಲಿಲ್ಲ, ಮುಂದಿನ ವಾರ ಅವರು ಕರೆಸಿದವರಿಗೆ ಕೊಟ್ರು. ಈಗ ನಾನು ಕೈ ಎತ್ತೋದೇ ಬಿಟ್ಟಿದೀನಿ. ನಾನೇನು ಕಲ್ಲು ಹೊಡೆಯೋನಾ?"

ಅವನ ರಾಜಕೀಯ ನನ್ನ ರಾಜಕೀಯವಲ್ಲ. ಆದರೂ ಆ ಮಾತು ಹೇಳುವಾಗ ಅವನ ಕೈಯಲ್ಲಿದ್ದ ಕಾಯಿ ಒಡೆಯದೆ ಹಾಗೇ ಉಳಿದಿತ್ತು. ಅವನು ಚಿಕ್ಕವನಿದ್ದಾಗ ಶಾಲೆಯಲ್ಲಿ ತೆಲುಗು ತಪ್ಪು ಮಾತಾಡಿ ಹುಡುಗರಿಂದ ನಗಿಸಿಕೊಂಡು ಬಂದ ದಿನ ನೆನಪಾಯಿತು. ನಗೋದೂ ಒಂದು ಏಟೇ.

ಮೂರನೆಯವನು ಬಾಯಿ ಬಿಟ್ಟಾಗ

ಕಾಲೋನಿ ಹುಡುಗ ಅಲ್ಲಿವರೆಗೂ ಸುಮ್ಮನೆ ಸುಲಿಯುತ್ತಿದ್ದ. ಅವನು ಅಂಬೇಡ್ಕರ್ ವಿದ್ಯಾರ್ಥಿ ಸಂಘದ ಕಡೆಯವನು. ತಮ್ಮನ ಮಗನನ್ನು ನೋಡಿ ಮೆಲ್ಲಗೆ ಹೇಳಿದ:

"ನಿನ್ನ ನೋಡಿ ನಗ್ತಾರೆ, ಸರಿ. ನಮ್ಮನ್ನ ಮೆರಿಟ್ ಎಷ್ಟು ಅಂತ ಕೇಳ್ತಾರೆ. ನಾನು ನೀರಿನ ಬಗ್ಗೆ ಮಾತಾಡಲಿ, ಮೆಸ್ಸಿನ ಸಾರಿನ ಬಗ್ಗೆ ಮಾತಾಡಲಿ, ಕೊನೆಗೆ ನನ್ನ ಸ್ಕಾಲರ್‌ಶಿಪ್ಪಿಗೇ ಬಂದು ನಿಲ್ತದೆ. ನೀನು ಸೋತರೆ ಮನೆಗೆ ಬಂದು ಹೊಲ ಮಾಡಬಹುದು. ನನಗೆ ಸ್ಕಾಲರ್‌ಶಿಪ್ ನಿಂತರೆ ವಾಪಸ್ ಬರೋಕೆ ಹೊಲಾನೂ ಇಲ್ಲ."

ಆಮೇಲೆ ಅವನು ರೋಹಿತ್ ವೇಮುಲನ ಹೆಸರು ಎತ್ತಿದ. ಆ ಹೆಸರು ನಾವೆಲ್ಲಾ ಕೇಳಿದ್ದೇ. ಆದರೆ ಏನಾಯ್ತು ಎಂಬುದನ್ನು ಸಾಲಾಗಿ ಕೇಳಿದ್ದು ಅವತ್ತೇ.

ಗುಂಟೂರು ಕಡೆಯ ರೋಹಿತ್ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿ, ಅಂಬೇಡ್ಕರ್ ವಿದ್ಯಾರ್ಥಿ ಸಂಘದವನು. 2015ರಲ್ಲಿ ಈ ಸಂಘದವರು ಯಾಕೂಬ್ ಮೆಮನ್‌ನ ಗಲ್ಲುಶಿಕ್ಷೆಯನ್ನು ವಿರೋಧಿಸಿದರು. ಮುಜಫ್ಫರ್‌ನಗರದ ಗಲಭೆ ಕುರಿತ ಸಾಕ್ಷ್ಯಚಿತ್ರದ ಪ್ರದರ್ಶನಕ್ಕೆ ದೆಹಲಿಯಲ್ಲಿ ಅಡ್ಡಿಯಾದಾಗ ಅದನ್ನೂ ಖಂಡಿಸಿ ಮೆರವಣಿಗೆ ಮಾಡಿದರು. ಎಬಿವಿಪಿಯ ಒಬ್ಬ ಮುಖಂಡ ಇವರನ್ನು ಗೂಂಡಾಗಳೆಂದು ಫೇಸ್‌ಬುಕ್ಕಿನಲ್ಲಿ ಬರೆದ. ಆಗಸ್ಟ್ ಮೊದಲ ವಾರದ ಒಂದು ರಾತ್ರಿ ಹಾಸ್ಟೆಲಿನಲ್ಲಿ ಮಾತಿಗೆ ಮಾತು ಬೆಳೆಯಿತು. ನನ್ನನ್ನು ಹೊಡೆದರು ಎಂದು ಆತ, ಹೊಡೆದೇ ಇಲ್ಲ ಎಂದು ಇವರು. ಕೇಂದ್ರ ಮಂತ್ರಿ ಬಂಡಾರು ದತ್ತಾತ್ರೇಯ ಮಾನವ ಸಂಪನ್ಮೂಲ ಮಂತ್ರಿಗೆ ಕಾಗದ ಬರೆದರು. ಕೊನೆಗೆ ರೋಹಿತ್ ಸೇರಿ ಐದು ಜನ ದಲಿತ ಸಂಘಟನೆಯ ವಿದ್ಯಾರ್ಥಿಗಳನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಅವರು 2016ರ ಜನವರಿಯ ಚಳಿಯಲ್ಲಿ ಕ್ಯಾಂಪಸ್ಸಿನ ಬಯಲಲ್ಲೇ ಟೆಂಟು ಹಾಕಿ ಮಲಗಿದರು. ಆ ಜಾಗಕ್ಕೆ ಅವರು ಇಟ್ಟ ಹೆಸರು 'ವೆಲಿವಾಡ'. ತೆಲುಗು ಗೊತ್ತಿಲ್ಲದವರಿಗೆ ಹೇಳುತ್ತೇನೆ, ವೆಲಿವಾಡ ಅಂದರೆ ಊರ ಹೊರಗಿನ ಕೇರಿ. ಜನವರಿ 17ರಂದು ರೋಹಿತ್ ಜೀವ ಕಳೆದುಕೊಂಡ. ವಿಜ್ಞಾನದ ಬರಹಗಾರನಾಗಬೇಕೆಂಬ ಆಸೆಯಿತ್ತು ಎಂದು ಕೊನೆಯ ಕಾಗದದಲ್ಲಿ ಬರೆದಿದ್ದ. ಏಳು ತಿಂಗಳ ಫೆಲೋಶಿಪ್ಪಿನ ಹಣ, 1 ಲಕ್ಷ 75 ಸಾವಿರ ರೂಪಾಯಿ ಬರಬೇಕು, ಅದನ್ನು ಮನೆಯವರಿಗೆ ಕೊಡಿ ಎಂದೂ ಕೇಳಿದ್ದ.

ಅವನ ಜಾತಿ ಯಾವುದು ಎಂಬ ವಾದ ಆಮೇಲೆ ಪೊಲೀಸರ ಕಡತದಲ್ಲಿ, ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು. ನನ್ನ ಮನಸ್ಸಿನಲ್ಲಿ ಉಳಿದಿದ್ದು ಬೇರೆ. ಹುಡುಗರ ಮಧ್ಯೆ ಹುಟ್ಟಿದ ಒಂದು ಜಗಳ ಹುಡುಗರ ಮಧ್ಯೆಯೇ ಮುಗಿಯಬಹುದಿತ್ತು. ದೊಡ್ಡವರು ಕೈ ಹಾಕಿದರು, ಶಿಕ್ಷೆ ದೊಡ್ಡದಾಯಿತು, ಟೆಂಟು ಬಯಲಿಗೆ ಬಂತು.

ಅವನು ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಕಾಯಿ ಒಡೆಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ತಮ್ಮನ ಮಗ "ಆ ಹುಡುಗಂಗೂ ಏಟು ಬಿದ್ದಿತ್ತಂತಲ್ಲ" ಅಂದ. ಇವನು "ಬಿದ್ದಿಲ್ಲ ಅಂತ ಸಾಕ್ಷಿ ಇತ್ತಲ್ಲ" ಅಂದ. ಜಗಳ ಬೀಳುತ್ತಾರೇನೋ ಅಂದುಕೊಂಡೆ. ಬೀಳಲಿಲ್ಲ. ಒಬ್ಬರ ಮುಂದಿದ್ದ ಮೊರಕ್ಕೆ ಇನ್ನೊಬ್ಬರು ಕಾಯಿ ಸುರಿದರು, ಅಷ್ಟೇ.

ಹಳೇ ಲೆಕ್ಕ

ಇದೆಲ್ಲಾ ಈಗಿನ ಕಾಲದ್ದು, ಮೊಬೈಲು ಬಂದು ಮಕ್ಕಳು ಕೆಟ್ಟರು ಎನ್ನುವ ಹಿರಿಯರು ನಮ್ಮ ಕಟ್ಟೆಯ ಮೇಲೆ ಬಹಳ ಜನ ಇದ್ದಾರೆ. ಹಳೇ ಲೆಕ್ಕ ತೆಗೆದು ನೋಡಿದರೆ ಹಾಗಿಲ್ಲ.

ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಗಿದ್ದು 1918ರಲ್ಲಿ. ನಿಜಾಮರ ಕಾಲ. ತೆಲುಗು, ಕನ್ನಡ, ಮರಾಠಿ ಮನೆಮಾತಿನ ಮಕ್ಕಳೆಲ್ಲಾ ಅಲ್ಲಿ ಉರ್ದುವಿನಲ್ಲೇ ಓದಬೇಕು. 1938ರಲ್ಲಿ ಅಲ್ಲಿನ ಹಾಸ್ಟೆಲಿನ ಹುಡುಗರು ಪ್ರಾರ್ಥನೆಯ ಹೊತ್ತಿಗೆ ವಂದೇ ಮಾತರಂ ಹಾಡಿದರು. ಹಾಡಬಾರದು ಎಂದು ಅಧಿಕಾರಿಗಳು, ಹಾಡುತ್ತೇವೆ ಎಂದು ಇವರು. ಚಳವಳಿ ನಮ್ಮ ಕನ್ನಡದ ಗುಲ್ಬರ್ಗಾವರೆಗೂ ಹಬ್ಬಿತು. ಹಾಡಿದವರನ್ನು ಹೊರಗೆ ಹಾಕಿದರು. ಅವರಲ್ಲಿ ಎಷ್ಟೋ ಜನರಿಗೆ ನಾಗಪುರ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಹಾಗೆ ನಾಗಪುರಕ್ಕೆ ಹೋಗಿ ಓದಿದವರಲ್ಲಿ ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಒಬ್ಬರು.

ಇದನ್ನು ಓದಿ ತಮ್ಮನ ಮಗನಿಗೆ ಹೇಳಿದಾಗ ಅವನ ಮುಖ ಅರಳಿತು. ನೋಡಿದ್ರಾ ದೊಡ್ಡಪ್ಪಾ ಅಂದ. ತಡಿಯಪ್ಪಾ, ಇನ್ನೊಂದಿದೆ ಅಂದೆ.

1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂರು ಮಕ್ಕಳು ರಾಷ್ಟ್ರಗೀತೆ ಹಾಡುವಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಆದರೆ ಬಾಯಿಬಿಟ್ಟು ಹಾಡುತ್ತಿರಲಿಲ್ಲ. ತಮ್ಮ ಧರ್ಮ ಒಪ್ಪುವುದಿಲ್ಲ ಎಂದರು. ಹಾಡದವರನ್ನು ಹೊರಗೆ ಹಾಕಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು ತೀರ್ಪು ಬರೆದು, ಸುಮ್ಮನೆ ನಿಲ್ಲುವ ಹಕ್ಕೂ ಮಾತಿನ ಹಕ್ಕಿನೊಳಗೇ ಸೇರಿದೆ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದರು. ಸಹನೆ ಈ ನೆಲದ ಸಂಪ್ರದಾಯ, ಅದನ್ನು ನೀರು ಮಾಡಬೇಡಿ ಎಂಬ ಅರ್ಥದ ಮಾತಿನಿಂದ ಆ ತೀರ್ಪು ಮುಗಿಯುತ್ತದೆ. ಕರ್ನಾಟಕದ ಹಿಂದುಳಿದ ವರ್ಗಗಳ ಮೂರನೇ ಆಯೋಗದ ಅಧ್ಯಕ್ಷರಾಗಿದ್ದ ಚಿನ್ನಪ್ಪ ರೆಡ್ಡಿಯವರೇ ಇವರು. ಮೀಸಲಾತಿಯ ಮಾತು ಬಂದಾಗ ಕನ್ನಡದ ಓದುಗರು ಆ ಹೆಸರು ಕೇಳಿಯೇ ಇರುತ್ತಾರೆ.

ನೋಡಿ, ಹಾಡಿದ್ದಕ್ಕೂ ಹೊರಗೆ, ಹಾಡದಿದ್ದಕ್ಕೂ ಹೊರಗೆ. ಎರಡು ಕಡೆಯೂ ಮಕ್ಕಳದ್ದೇ ನ್ಯಾಯ. ಒಂದನ್ನು ಹೊಗಳಿ ಇನ್ನೊಂದನ್ನು ಬೈಯುವವನಿಗೆ ಬೇಕಾಗಿರುವುದು ಮಾತಿನ ಸ್ವಾತಂತ್ರ್ಯವಲ್ಲ, ತನ್ನ ಹಾಡು ಮಾತ್ರ.

ಮಾತು ಸೋತ ಕಡೆ ಚಾಕು ಬಂದಿದ್ದೂ ಉಂಟು. 1972ರ ಏಪ್ರಿಲ್ 14ರಂದು ಅದೇ ಉಸ್ಮಾನಿಯಾದಲ್ಲಿ ಜಾರ್ಜ್ ರೆಡ್ಡಿ ಎಂಬ ಭೌತಶಾಸ್ತ್ರ ಓದಿದ ಎಡಪಂಥದ ವಿದ್ಯಾರ್ಥಿ ನಾಯಕನನ್ನು ಕ್ಯಾಂಪಸ್ಸಿನೊಳಗೇ ಇರಿದು ಕೊಂದರು. ಮುಂದೆ 1980ರ ದಶಕದಲ್ಲಿ ವಾರಂಗಲ್ ಕಡೆ ಎಬಿವಿಪಿಯ ಹುಡುಗರು ನಕ್ಸಲರ ಕೈಯಲ್ಲಿ ಸತ್ತರು. ಎರಡೂ ಕಡೆ ಅತ್ತಿದ್ದು ತಾಯಂದಿರೇ.

ಇನ್ನೂ ಒಂದು ಸಂಗತಿ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿದ್ದೇ ವಿದ್ಯಾರ್ಥಿಗಳ ಗದ್ದಲದಿಂದ. 1969ರಲ್ಲಿ ಪ್ರತ್ಯೇಕ ತೆಲಂಗಾಣ ಬೇಕೆಂದು, 1972ರಲ್ಲಿ ಪ್ರತ್ಯೇಕ ಆಂಧ್ರ ಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಅದನ್ನು ಸಮಾಧಾನ ಮಾಡಲು 1973ರಲ್ಲಿ ಆರು ಅಂಶಗಳ ಸೂತ್ರ ಬಂತು. ಅದರಲ್ಲೊಂದು ಹೈದರಾಬಾದಿಗೆ ಕೇಂದ್ರೀಯ ವಿಶ್ವವಿದ್ಯಾಲಯ. ಅದಕ್ಕಾಗಿ ಸಂವಿಧಾನಕ್ಕೇ ತಿದ್ದುಪಡಿ ಆಗಿ, 1974ರಲ್ಲಿ ವಿಶ್ವವಿದ್ಯಾಲಯ ಬಂತು. ವಿದ್ಯಾರ್ಥಿಗಳ ಬಾಯಿಂದ ಹುಟ್ಟಿದ ಮನೆಯಲ್ಲಿ ವಿದ್ಯಾರ್ಥಿಗಳ ಬಾಯಿಗೆ ಹೆದರಿದರೆ ಹೇಗೆ?

ನಮ್ಮವರ ಬೂಸಾ ಗಲಾಟೆ

ಇದೆಲ್ಲಾ ತೆಲುಗರ ನಾಡಿನ ಕಥೆ ಎಂದು ಕನ್ನಡದ ಓದುಗರು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. 1973ರ ನವೆಂಬರಿನಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡುತ್ತಾ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದುಬಿಟ್ಟರು. ವಿದ್ಯಾರ್ಥಿಗಳೇ ಬೀದಿಗೆ ಬಂದರು, ಕಲ್ಲು ತೂರಿದರು. ಏಟು ತಿಂದವರೂ ವಿದ್ಯಾರ್ಥಿಗಳೇ, ದಲಿತ ವಿದ್ಯಾರ್ಥಿಗಳು. ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಕುವೆಂಪು ಅವರಂಥ ದೊಡ್ಡವರು ಬಸವಲಿಂಗಪ್ಪನವರ ಮಾತಿನಲ್ಲಿ ಅರ್ಥವಿದೆ ಎಂದರು. ಆ ಗಲಾಟೆಯ ಬಿಸಿಯಲ್ಲೇ ದಲಿತ ಚಳವಳಿಯೂ ದಲಿತ ಸಾಹಿತ್ಯವೂ ಕುದಿದು ಮೇಲೆ ಬಂದವು.

ದನ ಸಾಕುವ ನನಗೆ ಬೂಸಾ ಬೈಗುಳ ಅನ್ನಿಸಿದ್ದೇ ಇಲ್ಲ. ಬೂಸಾ ಇಲ್ಲದೆ ಹಸು ಹಾಲು ಕೊಡುವುದಿಲ್ಲ. ಇರಲಿ. ಒಬ್ಬ ಆಡಿದ ಒಂದು ಮಾತಿಗೆ ಉತ್ತರವಾಗಿ ಹತ್ತು ಲೇಖನ ಬರೆಯಬಹುದಿತ್ತು. ಕಲ್ಲು ಎತ್ತಿಕೊಂಡಿದ್ದು ಓದುವ ಮಕ್ಕಳು ಎಂಬುದೇ ಬೇಜಾರಿನ ಸಂಗತಿ. ವಿದ್ಯಾರ್ಥಿಗಳು ಯಾವಾಗಲೂ ಮಾತಿನ ಪರವೇ ಇರುತ್ತಾರೆ ಎಂದು ತಿಳಿಯಬೇಕಿಲ್ಲ. ಅವರೂ ನಮ್ಮ ಮನೆಗಳಿಂದಲೇ ಹೋದವರು.

ಹದಿನೆಂಟಕ್ಕೆ ಓಟು, ಕಾಲೇಜಿಗೆ ಬೀಗ

1988ರಲ್ಲಿ ಸಂವಿಧಾನದ 61ನೇ ತಿದ್ದುಪಡಿ ಬಂದು ಓಟು ಹಾಕುವ ವಯಸ್ಸು 21ರಿಂದ 18ಕ್ಕೆ ಇಳಿಯಿತು. ವಿಚಿತ್ರ ಏನೆಂದರೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ, 1980ರ ದಶಕದ ಕೊನೆಯಲ್ಲಿ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತುಹೋಯಿತು. ಕಾರಣ ಹೊಡೆದಾಟ. ಆಂಧ್ರದ ಕಥೆಯೂ ಬೇರೆಯಲ್ಲ. ದೇಶದ ಪ್ರಧಾನಿಯನ್ನು ಆರಿಸುವ ಹುಡುಗ ತನ್ನ ಹಾಸ್ಟೆಲಿನ ಮೆಸ್ಸಿಗೆ ಕಾರ್ಯದರ್ಶಿಯನ್ನು ಆರಿಸುವ ಹಾಗಿಲ್ಲ!

ಈ ಗೊಂದಲ ಬಿಡಿಸಲು ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು, ಸುಪ್ರೀಂ ಕೋರ್ಟು ಅದನ್ನು ಜಾರಿಗೆ ತನ್ನಿ ಎಂದಿತು. ಅದರ ಪ್ರಕಾರ ಒಬ್ಬ ಅಭ್ಯರ್ಥಿ 5,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಇವತ್ತಿನ ಲೆಕ್ಕದಲ್ಲಿ ಅದು ಒಂದು ಕ್ವಿಂಟಲ್ ಕಡ್ಲೆಕಾಯಿಯ ಬೆಂಬಲ ಬೆಲೆಗಿಂತ ಕಡಿಮೆ. ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ. ಶೇ. 75 ಹಾಜರಿ ಬೇಕು. ಪದಾಧಿಕಾರಿಯಾಗಲು ಒಂದೇ ಅವಕಾಶ. ದುಡ್ಡು, ತೋಳ್ಬಲ ಎರಡಕ್ಕೂ ಕಡಿವಾಣ ಹಾಕುವ ನಿಯಮಗಳು. ಆದರೂ ಚುನಾವಣೆಯನ್ನೇ ನಡೆಸದ ಕಡೆ ನಿಯಮ ಒಳ್ಳೆಯದಿದ್ದು ಏನು ಫಲ?

ಸಂಘ ಇದ್ದ ಕಡೆಯೂ ಸುಖವೇನಿಲ್ಲ. 2015ರ ಮೇ ತಿಂಗಳಲ್ಲಿ ಮದ್ರಾಸ್ ಐಐಟಿಯು ಅಂಬೇಡ್ಕರ್ ಪೆರಿಯಾರ್ ಅಧ್ಯಯನ ವೃತ್ತ ಎಂಬ ವಿದ್ಯಾರ್ಥಿ ಗುಂಪಿನ ಮಾನ್ಯತೆ ಕಿತ್ತುಕೊಂಡಿತು. ಹೆಸರಿಲ್ಲದ ಒಂದು ದೂರು ದೆಹಲಿಗೆ ಹೋಗಿತ್ತು. ದೇಶದಲ್ಲೆಲ್ಲಾ ಕೂಗೆದ್ದ ಮೇಲೆ ಜೂನ್‌ನಲ್ಲಿ ಮಾನ್ಯತೆ ವಾಪಸ್ ಬಂತು. ಹೆಸರು ಹಾಕದೆ ಬರೆಯುವ ಕಾಗದಕ್ಕೆ ಬೆಲೆ ಇದೆ, ಹೆಸರು ಹೇಳಿ ನಿಂತು ಆಡುವ ಮಾತಿಗೆ ಇಲ್ಲ ಎಂದಾದರೆ ಮಕ್ಕಳು ಏನನ್ನು ಕಲಿಯುತ್ತಾರೆ?

ಮಗಳ ಪ್ರಶ್ನೆ

ನನ್ನ ಮಗಳು ಯಾವ ಸಂಘಕ್ಕೂ ಸೇರಿದವಳಲ್ಲ. ಮೂವರ ಮಾತೂ ಮುಗಿದ ಮೇಲೆ ಅವಳು ಶುರು ಮಾಡಿದಳು.

"ನಿಮಗೆಲ್ಲಾ ಒಂದೊಂದು ಬಾವುಟ ಐತೆ. ನನ್ನ ಕಷ್ಟಕ್ಕೆ ಬಾವುಟಾನೇ ಇಲ್ಲ. ಲೈಬ್ರರಿ ರಾತ್ರಿಯೆಲ್ಲಾ ತೆಗೆದಿರುತ್ತೆ, ಹುಡುಗೀರ ಹಾಸ್ಟೆಲಿನ ಗೇಟು ಮಾತ್ರ ಬೇಗ ಮುಚ್ಚುತ್ತೆ. ಹಾಗಂದ್ರೆ ಲೈಬ್ರರಿ ಹುಡುಗರದ್ದು. ಗೋಡೆ ತುಂಬಾ ಎಲ್ಲಾ ಸಂಘದ ಪೋಸ್ಟರ್ ಇದ್ವು. ಕಾಶ್ಮೀರದ ಬಗ್ಗೆ ಇತ್ತು, ಕ್ಯೂಬಾ ಬಗ್ಗೆ ಇತ್ತು, ಆ ಗೇಟಿನ ಬಗ್ಗೆ ಒಂದೂ ಇರಲಿಲ್ಲ."

ಹಾಸ್ಟೆಲ್ ಗೇಟಿನ ಈ ದೂರು ಅವಳೊಬ್ಬಳದಲ್ಲ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು 'ಪಿಂಜ್ರಾ ತೋಡ್', ಅಂದರೆ ಪಂಜರ ಮುರಿ, ಎಂಬ ಹೆಸರಿನಲ್ಲಿ ಇದಕ್ಕೇ ಚಳವಳಿ ಹೂಡಿದ್ದರು.

ಅವಳಿಗೆ ಇನ್ನೊಂದು ಕಷ್ಟವೂ ಇದೆ. ಅದು ನಮ್ಮ ಗಡಿಯ ಮಕ್ಕಳಿಗೆಲ್ಲಾ ಇರುವಂಥದ್ದು. ಹತ್ತನೇ ಕ್ಲಾಸಿನವರೆಗೆ ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ತೆಲುಗು ಇಂಗ್ಲಿಷುಗಳ ಮಧ್ಯೆ ಬೀಳುತ್ತಾರೆ. ಹೈದರಾಬಾದಿಗೆ ಹೋದರೆ ಕನ್ನಡದವಳು, ಬೆಂಗಳೂರಿಗೆ ಹೋದರೆ ಆಂಧ್ರದವಳು. ಸಭೆಯಲ್ಲಿ ಎದ್ದು ನಿಂತರೆ ಮಾತಿಗಿಂತ ಮೊದಲು ಉಚ್ಚಾರಣೆಯ ಭಯ. ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಟ್ಟಿದೆ, ಅದಕ್ಕೆ ಮಿತಿಯೂ ಅಲ್ಲೇ ಬರೆದಿದೆ. ಆದರೆ ಆಡುವ ಭಾಷೆಗೆ ನಾಚುವ ಮಗುವಿಗೆ ಆ ವಿಧಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ. ತೆಲುಗಿನಲ್ಲಿ 'ನೋರು ಮಂಚಿದೈತೇ ಊರು ಮಂಚಿದಿ' ಎಂಬ ಗಾದೆಯಿದೆ. ಬಾಯಿ ಒಳ್ಳೆಯದಾದರೆ ಊರು ಒಳ್ಳೆಯದು. ಬಾಯಿ ಬಿಡಲು ಬಿಟ್ಟರೆ ತಾನೇ ಒಳ್ಳೆಯದೋ ಕೆಟ್ಟದೋ ಗೊತ್ತಾಗುವುದು?

ಇಷ್ಟಾದ ಮೇಲೆ ಅವಳು ನನ್ನ ಕಡೆ ತಿರುಗಿದಳು. "ಆ ಗೇಟಿನ ವಿಷಯ ವಿದ್ಯಾರ್ಥಿಗಳ ಸಭೇಲಿ ಮಾತಾಡ್ತೀನಿ ಅಂತ ನಿನಗೆ ಫೋನ್ ಮಾಡಿದ್ನಲ್ಲಪ್ಪಾ, ನೀನೇನಂದೆ?"

ನಾನು ಅಂದಿದ್ದು ನಿಜ. ನಿನ್ನ ಕಳಿಸಿದ್ದು ಓದೋಕಾ, ಭಾಷಣ ಮಾಡೋಕಾ ಅಂದಿದ್ದೆ. ಅವಳು ಸರಿ ಅಂತ ಫೋನ್ ಇಟ್ಟಿದ್ದಳು. ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನಾನು ಗೆದ್ದೆ ಅಂದುಕೊಂಡಿದ್ದೆ.

ನನ್ನ ಭಯಕ್ಕೂ ಕಾರಣವಿತ್ತು. ಕೇರಳದ ರಾಜನ್‌ನ ಕಥೆ ಓದಿದ ತಂದೆಗೆ ನಿದ್ದೆ ಬರುವುದು ಕಷ್ಟ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು, ಕ್ಯಾಲಿಕಟ್‌ನ ಎಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ತಂದೆ ಈಚರ ವಾರಿಯರ್ ಹಿಂದಿ ಅಧ್ಯಾಪಕರು, ಕಂಡ ಕಂಡ ಬಾಗಿಲು ತಟ್ಟಿದರು. 1977ರಲ್ಲಿ ಹೈಕೋರ್ಟಿಗೆ ಹೋದ ಮೇಲೆ ಮಗ ಪೊಲೀಸರ ವಶದಲ್ಲೇ ಸತ್ತಿದ್ದು ಹೊರಬಂತು, ಮುಖ್ಯಮಂತ್ರಿ ಕೆ. ಕರುಣಾಕರನ್ ಕುರ್ಚಿ ಬಿಡಬೇಕಾಯಿತು. ಮಗನ ದೇಹ ಮಾತ್ರ ಆ ತಂದೆಗೆ ಸಿಗಲೇ ಇಲ್ಲ.

ಈ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಕೇಳಿಸಿಕೊಂಡು, "ಅದು ಹಾಗೆ ಮಾಡಿದೋರ ತಪ್ಪಲ್ವೇನಪ್ಪಾ, ಮಾತಾಡೋರ ತಪ್ಪಾ? ನಿನ್ನ ಕೆರೆ ಪದ್ಯ ಏನಾಯ್ತು ಹೇಳು" ಅಂದಳು.

ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಕೆಲವು ವರ್ಷದ ಹಿಂದೆ ಒಂದು ಕವಿಗೋಷ್ಠಿಗೆ ಕೆರೆ ಒತ್ತುವರಿಯ ಮೇಲೆ ಒಂದು ಪದ್ಯ ಬರೆದುಕೊಂಡು ಹೋಗಿದ್ದೆ. ವೇದಿಕೆ ಮೇಲೆ ಇದ್ದವರಲ್ಲಿ ಒಬ್ಬರಿಗೆ ಅದು ತಾಕುತ್ತದೆ ಎಂದು ಸಂಘಟಕರು ಕಿವಿಯಲ್ಲಿ ಹೇಳಿದರು, ಬೇರೆ ಓದಿ ಎಂದರು. ನಾನು ಮಳೆಯ ಮೇಲಿನ ಹಳೇ ಪದ್ಯ ಓದಿ, ಶಾಲು ಹೊದಿಸಿಕೊಂಡು ಬಂದೆ. ಮನೆಗೆ ಬಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅದನ್ನು ನೋಡಿದವಳು ಈ ಮಗಳೇ. ಎರಡು ಭಾಷೆ ಬಲ್ಲ ಕವಿ ಎಂದು ಪರಿಚಯ ಮಾಡಿಸಿಕೊಳ್ಳುವ ನಾನು ಅವತ್ತು ಎರಡು ಭಾಷೆಯಲ್ಲೂ ಬಾಯಿ ಮುಚ್ಚಿಕೊಂಡಿದ್ದೆ. ನನಗೆ ಆದದ್ದನ್ನೇ ನಾನು ಮಗಳಿಗೆ ಮಾಡಿದ್ದೆ.

ಅಕ್ಕಡಿ ಸಾಲು

ಹಿಂದೆ ನಮ್ಮಪ್ಪನ ಕಾಲದಲ್ಲಿ ಹೊಲದಲ್ಲಿ ಕಡ್ಲೆಕಾಯಿ ಜೊತೆ ತೊಗರಿ, ಅಲಸಂದೆ, ಹರಳು, ಜೋಳ ಅಂತ ಅಕ್ಕಡಿ ಸಾಲು ಇಡುತ್ತಿದ್ದರು. ಆಮೇಲೆ ಅನಂತಪುರ ಸೀಮೆಯೆಲ್ಲಾ ಕಡ್ಲೆಕಾಯಿ ಒಂದೇ ಬೆಳೆ ಎಂದಾಯಿತು. ದುಡ್ಡು ಬಂದ ವರ್ಷ ಬಂತು. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಉಳಿಯಲು ಬೇರೇನೂ ಇರಲಿಲ್ಲ. ಎಷ್ಟೋ ಮನೆ ಸಾಲದಲ್ಲಿ ಮುಳುಗಿ, ಗಂಡಸರು ಬೆಂಗಳೂರಿಗೆ ಕೂಲಿಗೆ ಹೋದರು. ಒಂದೇ ಬೆಳೆಯ ಹೊಲ ನೋಡಲು ನೀಟಾಗಿರುತ್ತದೆ, ಕಳೆ ತೆಗೆಯಲೂ ಸುಲಭ. ಕಷ್ಟ ಬಂದಾಗ ಗೊತ್ತಾಗುತ್ತದೆ.

ಒಂದೇ ಮಾತಿನ ವಿಶ್ವವಿದ್ಯಾಲಯವೂ ಹಾಗೆಯೇ ಇರಬೇಕು. ಅಲ್ಲಿ ಬಣ್ಣ ಯಾವುದೇ ಇರಲಿ, ಕೆಂಪಿರಲಿ, ನೀಲಿಯಿರಲಿ, ಕೇಸರಿಯಿರಲಿ, ಒಂದೇ ಆದರೆ ನಷ್ಟವೇ. ಹಾಗೆಂದು ಎಲ್ಲರ ಕಷ್ಟವೂ ಸಮ ಎಂದು ನಾನು ಹೇಳುವುದಿಲ್ಲ. ನಗಿಸಿಕೊಂಡವನ ನೋವು ಬೇರೆ, ಸ್ಕಾಲರ್‌ಶಿಪ್ ನಿಂತು ಬಯಲಲ್ಲಿ ಮಲಗಿದವನ ನೋವು ಬೇರೆ. ತೊಗರಿ ಬೇರು ಆಳಕ್ಕೆ ಹೋಗುತ್ತದೆ, ಅಲಸಂದೆ ಮೇಲೆ ಹಬ್ಬುತ್ತದೆ. ಎಲ್ಲಕ್ಕೂ ಅಳೆದು ಒಂದೇ ಪಾತಿ ಮಾಡಲಾಗದು. ಆದರೆ ಎಲ್ಲಕ್ಕೂ ಒಂದು ಸಾಲು ಬೇಕು. ನಾಲ್ಕು ದಿಕ್ಕಿನ ಆ ನಾಲ್ಕು ಮಕ್ಕಳು ನಮ್ಮ ಪಡಸಾಲೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಒಬ್ಬರ ಮಾತು ಒಬ್ಬರು ಕೇಳಿದರು. ಕಾವಲಿಗೆ ಪೊಲೀಸರೂ ಬೇಕಾಗಲಿಲ್ಲ, ಬರೆದು ಸಹಿ ಹಾಕಿಸಿಕೊಳ್ಳುವುದೂ ಬೇಕಾಗಲಿಲ್ಲ. ಎರಡು ಮೂಟೆ ಕಾಯಿ ಸುಲಿದಾಗಿತ್ತು.

ಜೂನ್‌ನಲ್ಲಿ ರಜೆ ಮುಗಿಯಿತು. ಮಗಳನ್ನೂ ಕಾಲೋನಿ ಹುಡುಗನನ್ನೂ ಹಿಂದೂಪುರದಲ್ಲಿ ರೈಲು ಹತ್ತಿಸಲು ನಾನೇ ಹೋದೆ. ತಮ್ಮನ ಮಗ ಬಸ್ಸಿಗೆ ಹೋಗಬೇಕಾದವನು, ಅವನೂ ಸ್ಟೇಷನ್ನಿನವರೆಗೆ ಬಂದು ಅವರ ಮೂಟೆ ಹೊತ್ತು ಬೋಗಿಯೊಳಗಿಟ್ಟ. ಇಳಿಯುವಾಗ ಇಬ್ಬರು ಹುಡುಗರೂ ಏನೋ ವಾದ ಮಾಡುತ್ತಲೇ ಇದ್ದರು.

ರೈಲು ಹೊರಡುವ ಮುಂಚೆ ಕಿಟಕಿ ಹತ್ತಿರ ನಿಂತು ಮಗಳನ್ನು ಕೇಳಿದೆ: "ಆ ಸಭೆ ಮತ್ತೆ ಯಾವಾಗಮ್ಮಾ?"

"ಆಗಸ್ಟಲ್ಲಿ ಇರುತ್ತೆ. ಯಾಕಪ್ಪಾ?"

"ಮಾತಾಡು. ತೆಲುಗಲ್ಲಿ ತಡವರಿಸಿದ್ರೂ ಪರವಾಗಿಲ್ಲ, ಮಾತಾಡು. ನಿನಗೆ ಎದುರು ಮಾತಾಡೋರು ಎದ್ದು ನಿಂತರೆ ಮಧ್ಯದಲ್ಲಿ ನಗಬೇಡ, ಕೂತು ಪೂರ್ತಿ ಕೇಳು."

ಅವಳು ಸ್ವಲ್ಪ ಹೊತ್ತು ನನ್ನೇ ನೋಡಿ, "ಹಂಗಾದ್ರೆ ನೀನೂ ಆ ಕೆರೆ ಪದ್ಯ ಓದು" ಅಂದಳು.

ಪದ್ಯ ಟ್ರಂಕಿನಲ್ಲಿತ್ತು, ಹಾಳೆಯ ಅಂಚು ಸ್ವಲ್ಪ ಇಲಿ ತಿಂದಿತ್ತು. ಪ್ರತಿ ಮಾಡಿ ಇಟ್ಟಿದ್ದೇನೆ. ಈ ದಸರೆಯ ಗೋಷ್ಠಿಗೆ ಹೆಸರು ಕೊಟ್ಟಿದ್ದೇನೆ.